ಸೀದ ಚಪಾತಿ

ಅಂಚು ಸೀದಿದೆ, ಪಾಸ್ಟರು ಚಪಾತಿ ಎತ್ತಿ ಹಿಡಿದರೆ ಇಂಡಿ ಊರಿನ ನಮ್ಮ ಇಡೀ ಸಭೆಗೆ ಕಾಣುತ್ತದೆ, ಕಾಣಲಿ ಬಿಡು, ಬೆಳಿಗ್ಗೆ ಬಾಗಿಲ ಕಡೆಗೇ ನೋಡುತ್ತ ಬೇಯಿಸಿದ್ದು — ಯೇಸುವಿನ ನೆನಪಿಗೆ ರೊಟ್ಟಿ ಮುರಿಯುವ ಪ್ರಭುಭೋಜನಕ್ಕೆ ತಿಂಗಳು ತಿಂಗಳು ಚಪಾತಿ ಸುಡುವವಳು ನಾನೇ, ಎರಡು ವರ್ಷದಿಂದ ತಿನ್ನದವಳೂ ನಾನೇ, ಒಡಹುಟ್ಟಿದವಳ ಮೇಲೆ ಸಿಟ್ಟು ಇಟ್ಟುಕೊಂಡು ತಿನ್ನುವುದು ಹೇಗೆ, ಅಷ್ಟಾದರೂ ದೇವರ ಭಯ ಇದೆಯಲ್ಲ ನನಗೆ. ತಂಗಿ ಶೈಲಶ್ರೀ, ಸಿಂದಗಿಯಿಂದ ಬಂದು ಇದೇ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಾಳೆ, ಅಯ್ಯ, ಎಷ್ಟು ದಪ್ಪಗಾಗಿದ್ದಾಳೆ! ಅಂದು ಕೋರ್ಟಿನಲ್ಲಿ ಕೈ ಎತ್ತಿ ಪ್ರಮಾಣ ಮಾಡಿದಳು, ಆ ಅಂಗೈಯ ಕಪ್ಪು ಚುಕ್ಕೆ ನನಗೆ ದೂರದಿಂದಲೇ ಕಂಡಿತು, ಟ್ರ್ಯಾಕ್ಟರ್ ಓಡಸ್ತಿದ್ದವ್ರು ನಮ್ಮ ಭಾವನ ರೀ, ಕುಡದಿದ್ರು ಅಂದಳು — ಟ್ರ್ಯಾಕ್ಟರ್ ಹಾಯ್ದು ನಮ್ಮೂರ ಕುತುಬುದ್ದೀನನ ಕಾಲು ಮುರಿದದ್ದು ನಿಜ, ನಮ್ಮವರು ಕುಡಿದದ್ದೂ ನಿಜ, ಆದರೆ ನಿಜವನ್ನೆಲ್ಲ ಹೇಳಲೇಬೇಕೇ, ನನ್ನ ಹೊಸ್ತಿಲಾ ತುಳೀಬ್ಯಾಡ ಎಂದು ಅರಚಿದೆ, ಹುಚ್ಚಿ, ಅವಳು ತುಳಿಯಲಿಲ್ಲ. ಎರಡು ವರ್ಷದ ಶಿಕ್ಷೆ ಮುಗಿಸಿ ಗುರುವಾರ ಜೈಲಿನಿಂದ ಹೊರಬಂದ ನಮ್ಮವರು ನೆಟ್ಟಗೆ ಹೋದದ್ದು ಕುತುಬುದ್ದೀನನ ಮನೆಗೆ, ಅವನು ಕುಂಟುತ್ತ ಬಂದು ಬಾಗಿಲು ತೆಗೆದು, ಶಿಕ್ಷಾ ಮುಗೀತಲ್ಲೋ ಮಾರಾಯಾ, ಒಳಗ ಬಾ, ಚಾ ಕುಡಿ ಅಂದನಂತೆ. ಮನೆಗೆ ಬಂದವರೇ, ಮೊದಲ ಶೈಲಾನ ಕರಸು, ಆಕಿ ಖರೇ ಹೇಳದಿದ್ರ ನಾ ಇನ್ನೂ ಸುಳ್ಳಿನ್ಯಾಗ ಇರ್ತಿದ್ದೆ, ಜೈಲಿನ್ಯಾಗ ಎಂಥಾ ಛಲೋ ನಿದ್ದಿ ಬರ್ತಿತ್ತು ಗೊತ್ತೇನ ಅಂದರು — ನಿದ್ದೆಯಂತೆ, ಇಲ್ಲಿ ನನಗೆ ಕಣ್ಣು ಹತ್ತಿರಲಿಲ್ಲ, ಹಾಗಾದರೆ ಎರಡು ವರ್ಷ ಕಂಬಿ ಎಣಿಸಿದವಳು ನಾನೇ, ನಗು ಬಂತು, ನಗುತ್ತಲೇ ಅತ್ತೆ, ಫೋನು ಹಚ್ಚಿದೆ, ಬಾ ಎಂಬ ಒಂದೇ ಮಾತು ಹೊರಟಿತು, ಹೂಂ ಅಕ್ಕಾ ಅಂದಳು.

ತಟ್ಟೆ ಬರುತ್ತಿದೆ, ನಮ್ಮ ಸಭೆಯಲ್ಲಿ ಪಕ್ಕದವರೇ ಮುರಿದು ಪಕ್ಕದವರಿಗೆ ಕೊಡಬೇಕು, ನಾನು ತಗೊಂಡೇನೇ, ಕೈ ಏಳುತ್ತದೆಯೇ, ಹೊಸ್ತಿಲಲ್ಲಿ ಅಂದದ್ದು ಅವಳ ಕಿವಿಯಲ್ಲಿ ಇನ್ನೂ ಇರುವುದಿಲ್ಲವೇ — ತವರೂರು ಸಾಲೋಟಗಿಯ ನಿಂಬೆ ತೋಟ, ಅವಳಿಗೆ ಏಳು ವರ್ಷ, ನನಗೆ ಹತ್ತು, ಅವಳ ಅಂಗೈಯಲ್ಲಿ ಮುಳ್ಳು ಮುರಿದಿದೆ, ನಾನು ಹಲ್ಲಿನಿಂದ ಕಚ್ಚಿ ಎಳೆಯುತ್ತೇನೆ, ತುದಿ ಒಳಗೇ ಕಪ್ಪಗೆ ಉಳಿಯುತ್ತದೆ, ಅವಳು ಊರು ಕೇಳುವಂತೆ ಅಳುತ್ತಾಳೆ, ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಈಗಲೂ ಎಳೆದುಕೊಂಡಿಲ್ಲ, ತುಂಡು ಮುರಿದು ಚಾಚಿದ್ದಾಳೆ — ತಗೋ ಅಕ್ಕಾ, ನಿನ್ನ ಸಲುವಾಗಿ ಮುರದದ್ದು, ಮತ್ತೆ ಕಿವಿಯ ಹತ್ತಿರ ಪಿಸುಗುಟ್ಟಿ, ಇನ್ನೂ ಹೊತ್ತಸ್ತೀಯಲ್ಲ ಚಪಾತಿ! ನಕ್ಕೆ, ಗಂಡಸರ ಸಾಲಿನಿಂದ ನಮ್ಮವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ, ಪಾಸ್ಟರು ಏನೆಂದಾರು, ಅನ್ನಲಿ, ತುಂಡು ಬಾಯಿಯಲ್ಲಿದೆ, ಸೀದಿದೆ, ಕಣ್ಣೀರಿನ ಉಪ್ಪು ಸೇರಿದೆ, ಎಷ್ಟು ರುಚಿ ದೇವರೇ — ಅವಳ ಅಂಗೈ ಇನ್ನೂ ನನ್ನ ಮುಂದೆಯೇ ಚಾಚಿದೆ, ನಡುವೆ ಆ ಕಪ್ಪು ಚುಕ್ಕೆ.