ಉರುಳುಗಲ್ಲಿನ ದಂಡೆ

೧೯೪೨ರ ಜುಲೈನಲ್ಲಿ, ಕಡಲು ದಾಟಿ ಫ್ರಾನ್ಸಿನ ಮೇಲೆ ನಡೆಯಬೇಕಿದ್ದ ದಾಳಿ ರದ್ದಾಯಿತು. ಹಡಗಿನಲ್ಲಿ ಕೂಡಿಹಾಕಿದ್ದ ಕೆನಡಾದ ಹುಡುಗರನ್ನು ಇಳಿಸಿ, ಸಸೆಕ್ಸಿನ ನಮ್ಮ ಊರಿಗೇ ವಾಪಸು ಕಳಿಸಿದರು. ಅವರು ಎಲ್ಲಿಗೆ ಹೊರಟಿದ್ದರೆಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು.

ಪಬ್ಬಿನ ಯಜಮಾನ ಆ ಹುಡುಗರಲ್ಲೊಬ್ಬನಾದ ನನ್ನ ಗಂಡ ಲಾರ್ನ್‌ಗೆ ಬಿಯರ್ ಕೊಡುತ್ತ, "ಏನಪ್ಪಾ ನಮ್ಮೂರ ಅಳಿಯ, ಡಿಯೆಪ್ ಟಿಕೆಟ್ ವಾಪಸ್ ಮಾಡಿದ್ರಾ?" ಅಂದ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಫ್ರೆಂಚ್ ಓದುವಾಗ ಒಂದು ಬೇಸಗೆ ಫ್ರಾನ್ಸಿನ ಕಡಲತೀರದ ಊರಾದ ಡಿಯೆಪ್‌ನಲ್ಲಿ ಕಳೆದಿದ್ದೆ. ಮನೆಗೆ ಬರುವಾಗ ಕೇಳಿದೆ: "ಯಾವ ಕಡೆ ಇಳೀತಿದ್ರಿ?"

"ಊರ ಮುಂದೇನೇ. ಟ್ಯಾಂಕ್ ಸಮೇತ."

"ಆ ದಂಡೇಲಾ? ಬರೀ ಕಲ್ಲು ಕಣೋ, ಆಲೂಗಡ್ಡೆ ಗಾತ್ರದ್ದು. ಕಾಲಿಟ್ರೆ ಉರುಳತ್ತೆ. ಈಜೋಕೆ ಹೋಗೋರು ಹಲಗೆ ಹಾಸ್ಕೊಂಡು ನಡೀತಾರೆ."

ಅವನು ನಿಂತುಬಿಟ್ಟ. ಟ್ಯಾಂಕ್ ಚಾಲಕ, ಅದಕ್ಕೂ ಮುಂಚೆ ಗೋಧಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವನು. "ಟ್ಯಾಂಕಿನ ಚೈನಿಗೆ ಕಲ್ಲು ಸಿಕ್ಕಿಕೊಂಡ್ರೆ ಮುಗೀತು. ನಮಗೆ ತೋರಿಸಿದ ಫೋಟೋದಲ್ಲಿ ನುಣ್ಣಗಿತ್ತಲ್ಲೇ."

"ದೂರದಿಂದ ಎಲ್ಲಾನೂ ನುಣ್ಣಗೇ."

ಮರುದಿನ ಅವನು ಮೇಜರ್ ಬಳಿ ಹೋಗಿ ಕಲ್ಲಿನ ವಿಷಯ ಹೇಳಿದ. ಮೇಜರ್ ಕೇಳಿದ್ದು ಒಂದೇ: "ಊರಿನ ಹೆಸರು ನಿನ್ನ ಹೆಂಡ್ತಿಗೆ ಹೇಳಿದ್ಯಾರು?"

"ಇನ್ನೊಂದು ಸಲ ಬಾಯಿ ಬಿಟ್ರೆ ಕೋರ್ಟ್ ಮಾರ್ಷಲ್ ಅಂತೆ," ಅಂದ ಲಾರ್ನ್, ಬೂಟು ಬಿಚ್ಚುತ್ತ. "ಹೋಗ್ಲಿ ಬಿಡೇ. ಬಿಯರ್ ಮಾರೋನಿಗೂ ಗೊತ್ತಿರೋ ಊರಿಗೆ ಮತ್ತೆ ಯಾರು ಕಳಿಸ್ತಾರೆ?"

ಆಗಸ್ಟಿನಲ್ಲಿ ಕಳಿಸಿದರು. ಅದೇ ಊರು, ಅದೇ ದಂಡೆ.

ಲಾರ್ನ್ ತಿರುಗಿ ಬರಲಿಲ್ಲ. ಅವನ ಟ್ಯಾಂಕು ನೀರಿನಿಂದೆದ್ದು ಸ್ವಲ್ಪ ದೂರ ಹೋಗಿ ಕಲ್ಲಿನಲ್ಲಿ ಕೂತುಬಿಟ್ಟಿತಂತೆ. ತಿರುಗಿ ಬಂದವನೊಬ್ಬ ಹೇಳಿದ. ಅವನಿಗೆ ಚಹಾ ಕೊಟ್ಟೆ. ಸಕ್ಕರೆ ಹಾಕಿರಲಿಲ್ಲ. ಅವನು ಹಾಗೆಯೇ ಕುಡಿದ.

ಸೆಪ್ಟೆಂಬರಿನಲ್ಲಿ ಒಬ್ಬ ಅಧಿಕಾರಿ ಬಂದರು. ಶತ್ರುವಿಗೆ ಸುದ್ದಿ ಸೋರಿತ್ತೇ ಎಂಬ ವಿಚಾರಣೆ. ವಯಸ್ಸಾದವರು, ಮೆತ್ತಗಿನ ಮಾತು.

"ನೋಡಮ್ಮ, ಎಲ್ಲಿ ಇಳೀತೀವಿ ಅಂತ ನಿಮ್ಮ ಯಜಮಾನ್ರು ನಿಮಗೆ ಹೇಳಿದ್ರಾ? ಇಲ್ಲ ಅಂದ್ಬಿಡಿ, ಇಲ್ಲಿಗೇ ಮುಗಿಯುತ್ತೆ."

ಇಲ್ಲ ಎಂದರೆ ಲಾರ್ನ್ ಗುಟ್ಟು ಕಾಪಾಡಿದ ಸೈನಿಕನಾಗಿ ಉಳಿಯುತ್ತಾನೆ. ಹೌದು ಎಂದರೆ ಬಾಯಿಬಡುಕ. ಆದರೆ ಹೌದು ಎನ್ನದೆ ಕಲ್ಲಿನ ಮಾತು ಎತ್ತುವಂತಿರಲಿಲ್ಲ. ಮುಂದೆ ಇನ್ನೊಂದು ದಂಡೆ ಇರುತ್ತದೆ, ಅಲ್ಲಿಗೂ ಟ್ಯಾಂಕುಗಳು ಹೋಗುತ್ತವೆ.

"ಹೇಳಿದ," ಅಂದೆ. "ಆ ದಂಡೇಲಿ ಏನಿದೆ ಅಂತ ನಾನು ಹೇಳಿದೆ. ಅದನ್ನ ಅವನು ಮೇಜರಿಗೆ ಹೇಳಿದ. ಎಲ್ಲಾ ಬರ್ಕೊಳ್ಳಿ."

ಅವರು ಮೊದಲನೆಯದನ್ನು ಬರೆದುಕೊಂಡರು. ಪೆನ್ನು ಅಲ್ಲಿಗೇ ನಿಂತಿತು.

"ಕಲ್ಲಿನ ವಿಷಯ ನನ್ನ ವಿಚಾರಣೆಗೆ ಬರಲ್ಲಮ್ಮ."

"ಯಾರ ವಿಚಾರಣೆಗೆ ಬರುತ್ತೆ?"

ಅವರು ಪೆನ್ನಿನ ಮುಚ್ಚಳ ಹಾಕಿ, ತೊಡೆಯ ಮೇಲಿದ್ದ ಟೋಪಿ ಕೈಗೆತ್ತಿಕೊಂಡರು. ನಾನು ಎದ್ದು ಕೋಟು ಹಾಕಿಕೊಂಡೆ.

"ನಡೀರಿ," ಅಂದೆ. "ನಿಮ್ಮ ಮೇಲಿನವರ ಹತ್ತಿರ ಕರ್ಕೊಂಡು ಹೋಗಿ."