ಕೊಕ್ಕೆ ಹಾಕುವವನ ಕೈ

ನೊಣ ಬಂದು ಕುಳಿತಿದೆ, ಎಡಗೈಯ ಬ್ಯಾಂಡೇಜಿನ ಮೇಲೆ, ಬೆರಳುಗಳು ಇರಬೇಕಾದ ಕಡೆ, ಅಲ್ಲೇ ಅತ್ತಿಂದಿತ್ತ ಓಡಾಡುತ್ತಿದೆ, ಓಡಾಡಲಿ, ನನಗೇನೂ ತಿಳಿಯುವುದಿಲ್ಲ, ಕಣ್ಣಿಗೆ ಕಾಣುತ್ತದೆ ಅಷ್ಟೇ — ಯುವರಾಜಣ್ಣನೂ ಅದನ್ನೇ ನೋಡುತ್ತಿದ್ದಾನೆ, ನೋಡಿಯೂ ನೋಡದ ಹಾಗೆ, ಹೆದ್ದಾರಿಯಲ್ಲಿ ಬಿದ್ದ ಗಾಡಿಗಳನ್ನು ಎಳೆಯುವ ಕ್ರೇನಿನ ಮಾಲೀಕ, ನನ್ನ ಮಾಲೀಕ, ಕಾರ್ಮಿಕ ಅಧಿಕಾರಿಯ ಕೋಣೆಯ ಹೊರಗೆ ಒಂದೇ ಬೆಂಚಿನ ಮೇಲೆ ಇಬ್ಬರೂ, ಪರಿಹಾರ ಕೇಳಿದವನು, ಕೊಡಬೇಕಾದವನು, ಕಿತ್ತೂರಿನಿಂದ ಬಂದದ್ದೂ ಅವನ ಬೈಕಿನ ಮೇಲೆಯೇ, ಬೀಗರ ಮನೆಗೆ ಹೊರಟವರ ಹಾಗೆ, ಚಾ ಕುಡಿತಿ ಏನ್ ನಾಸಿರ, ಬ್ಯಾಡ್ರಿ ಅಣ್ಣಾ, ಕುಡಿಯೋ, ಮುಂಜಾನಿಂದ ಏನೂ ತಿಂದಿಲ್ಲ ನೀ, ಕುಡಿದೆ, ಕಪ್ಪನ್ನು ಅವನೇ ಬಾಯಿಗೆ ಹಿಡಿದ, ಯಾಕೆ, ಬಲಗೈಗೆ ಏನಾಗಿದೆ, ಆದರೂ ಬೇಡ ಎನ್ನಲಿಲ್ಲ.

ಮನ್ಯಾಗ ಆತು ಅನ್ನು ಸಾಕು, ಎಂದ ದಾರಿಯಲ್ಲಿ, ಗಾಳಿಗೆ ಅರ್ಧ ಮಾತು ಹಾರಿ ಹೋಗುತ್ತಿತ್ತು, ಬೈಕಿನ ಚೈನ್ ಒರಸಾಕ ಹೋಗಿದ್ದೆ, ಬೆರಳ ಸಿಕ್ಕವು ಅಂದಬಿಡು, ಕ್ರೇನ್ ಗಾಡಿಗೆ ವಿಮಾ ಐತಿ, ಡ್ರೈವರಗೂ ಐತಿ, ಕೊಕ್ಕಿ ಹಾಕಾವಗ ಇಲ್ಲೋ, ನಾ ಮಾಡಿಸಿಲ್ಲ, ತಪ್ಪ ನಂದ, ಈಗ ಪರಿಹಾರ ಕೊಡಾಕ ಗಾಡಿನ ಮಾರಬೇಕಾಗತೈತಿ, ಗಾಡಿ ಉಳದರ ನೀನೂ ಉಳಿತಿ, ಕ್ರೇನ್ ಬೇಕಂತ ಬರೂ ಫೋನ್ ಹಿಡಕೊಂಡ ಕುಂತರ ಸಾಕು, ಪಗಾರ ತಪ್ಪಂಗಿಲ್ಲ — ಅವನೇನು ಕೆಟ್ಟವನಲ್ಲ, ಆಸ್ಪತ್ರೆಯಲ್ಲಿ ನನ್ನ ಮಂಚದ ಕೆಳಗೇ ಮಲಗಿದವನು, ಆದರೆ ಅರ್ಜಿ ಕೊಡಿಸಿದ ಮೆಹೆರಾಜ, ನನ್ನ ಹೆಂಡತಿ, ಕರಗುವವಳಲ್ಲ, ಫೋನ್ ಎಷ್ಟ ದಿನಾ ಹಿಡಿಸ್ತಾನ್ರಿ ಅಂವ, ರಸ್ತಾದಾಗ ಆತು, ಕೆಲಸಾ ಮಾಡೂಮುಂದ ಆತು ಅಂತ ಬಾಯಿ ಬಿಚ್ಚಿ ಹೇಳ್ರಿ, ಹಕ್ಕ ಐತಿ ನಿಮದು, ನಾಳಿ ಯಾರೂ ಕೇಳಂಗಿಲ್ಲ, ಅವಳಿಗೆ ಸಿಟ್ಟಾದರೂ ಬರುತ್ತದೆ, ನನಗೆ ಅದೂ ಇಲ್ಲ, ಬಂದಿದ್ದರೆ ಯಾರ ಮೇಲೆಂಬುದಾದರೂ ಗೊತ್ತಾಗುತ್ತಿತ್ತು. ಅಂದು ನನ್ನ ಬಲಗೈ ಮಾಡಿದ್ದು, ಅವಳಿಗೆ ಅದೊಂದು ಹೇಳಿಲ್ಲ ನಾನು.

ಹೆದ್ದಾರಿ, ಮಗುಚಿದ ಟೆಂಪೊ, ಉಳ್ಳಾಗಡ್ಡಿ ರಸ್ತೆ ತುಂಬ, ಜನ ಆರಿಸಿಕೊಳ್ಳುತ್ತಿದ್ದಾರೆ, ಯುವರಾಜಣ್ಣ ಮೇಲೆ ಕ್ರೇನಿನ ಲಿವರ್ ಹಿಡಿದು ನಿಂತಿದ್ದಾನೆ, ನಾನು ಕೆಳಗೆ ಗಟಾರದಲ್ಲಿ ಕೊಕ್ಕೆ ಹಾಕುತ್ತಿದ್ದೇನೆ, ಲಾರಿಗಳ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಅದಕ್ಕೇ ಕೈಸನ್ನೆ, ಮುಷ್ಟಿ ಕಟ್ಟಿದರೆ ನಿಲ್ಲಿಸು, ಅಂಗೈ ಬಿಚ್ಚಿ ಮೇಲೆತ್ತಿದರೆ ಎಳೆ, ಕೊಕ್ಕಿ ಹಾಕಾವನ ಕೈ ನೋಡಬೇಕೋ, ಮಾರಿ ನೋಡಬಾರದು, ಅವನೇ ಕಲಿಸಿದ್ದು, ಎಷ್ಟು ವರ್ಷ ಹಾಗೇ ನಡೆಯಿತು, ಅಂದೂ ಎತ್ತಿದೆ, ಉಕ್ಕಿನ ಹಗ್ಗ ಬಿಗಿಯಿತು, ಕೊಕ್ಕೆ ಜಾರುತ್ತಿದೆ ಅನ್ನಿಸಿತು, ಎಡಗೈ ಹಾಕಿದೆ, ಹಾಕಬಾರದು, ಎಲ್ಲರೂ ಹಾಕುತ್ತೇವೆ, ಬೆರಳು ಸಿಕ್ಕವು — ಮುಷ್ಟಿ ಕಟ್ಟಬೇಕಿತ್ತು, ಬಲಗೈ ಮುಷ್ಟಿ, ಅಷ್ಟೇ, ಆದರೆ ಬೇಡ ಬೇಡ ಎನ್ನುವವನು ಅಂಗೈಯನ್ನೇ ತೋರಿಸುತ್ತಾನಲ್ಲ, ಯಾರೇ ಆಗಲಿ ಅಂಗೈಯನ್ನೇ ತೋರಿಸುತ್ತಾರೆ, ನಾನೂ ತೋರಿಸಿದೆ, ತಲೆಯ ಮೇಲೆ, ಐದೂ ಬೆರಳು ಬಿಚ್ಚಿ, ಅವನು ಕೈ ನೋಡಿದ, ಎಳೆದ, ಇನ್ನೂ ಮೇಲೆತ್ತಿದೆ, ಇನ್ನೂ ಎಳೆದ, ಒಬ್ಬ ಮುದುಕಿ ಸೆರಗಿನಲ್ಲಿ ಉಳ್ಳಾಗಡ್ಡಿ ತುಂಬಿಕೊಂಡು ನನ್ನನ್ನೇ ನೋಡಿದಳು, ಆಮೇಲೆ ಬಗ್ಗಿ ಇನ್ನೊಂದು ಆರಿಸಿಕೊಂಡಳು. ನೀನ ಕೈ ಎತ್ತಿದೆಲ್ಲೋ ನಾಸಿರ, ಎಂದು ಆಸ್ಪತ್ರೆಯಲ್ಲಿ ಯುವರಾಜಣ್ಣ ಅತ್ತ, ಒಂದೇ ಸಲ ಅಂದದ್ದು, ಮತ್ತೆ ಎಂದೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಸಾಹೇಬರು ಹೇಗಾಯಿತು ಎಂದು ಕೇಳಿದರೆ ಈಗ ಅದನ್ನೇ ಹೇಳಬೇಕು.

ಜವಾನ ಬಾಗಿಲಿಗೆ ಬಂದಿದ್ದಾನೆ, ಹೊರಗೆ ಇಷ್ಟೊಂದು ಜನ, ಯಾರು ಯಾರೆಂದು ಅವನಿಗೇನು ಗೊತ್ತು, ನಾಸಿರ ಜಮಾಲಸಾಬ, ಯಾರ್ರಿ, ಕೈ ಎತ್ರಿ, ಇಲ್ಲಂದ್ರ ಬಂದಿಲ್ಲಂತ ಹೇಳತೇನಿ ಸಾಹೇಬ್ರಿಗೆ, ಇದ್ದೇನೆ, ಇಲ್ಲೇ ಇದ್ದೇನೆ, ಬಾಯಿ ತೆರೆದಿದೆ, ಸದ್ದು ಹೊರಡುತ್ತಿಲ್ಲ, ಬಲಗೈ ಮೊಣಕಾಲ ಮೇಲೆ ಬಿದ್ದಿದೆ, ಎತ್ತಿದರೆ ಆಯಿತು, ಹಗುರ ಕೈ, ಯುವರಾಜಣ್ಣ ತಿರುಗಿದ್ದಾನೆ, ನನ್ನ ಮುಖ ನೋಡುತ್ತಿಲ್ಲ, ಕೈಯನ್ನೇ ನೋಡುತ್ತಿದ್ದಾನೆ, ಉಸಿರು ಬಿಗಿ ಹಿಡಿದು, ನಾಸಿರ ಜಮಾಲಸಾಬ, ಕಡೀ ಸಲಾ ಕೂಗಾಕತ್ತೇನಿ ನೋಡ್ರಿ, ಎತ್ತು, ಎತ್ತಬೇಕು, ಎತ್ತಿದರೆ ಅವನು ಎಳೆಯುತ್ತಾನೆ — ಅಂಗೈ, ತಲೆಯ ಮೇಲೆ, ಐದೂ ಬೆರಳು ಬಿಚ್ಚಿ, ಎಳೆಯುತ್ತಾನೆ, ಅಂಗೈ