ಗೋಡೆಗೆ ಹೊಲಿದ ಬಟ್ಟೆ

"ಯಾರೋ ನನ್ನ ಹಾಸಿಗೆ ಮೇಲೆ ಕೂತಿದ್ರು ಚಿಕ್ಕಮ್ಮ!"

ಅಕ್ಕನ ಮಗಳು ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಕಿರುಚಿದಾಗ ನಾನು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದೆ. ಹೊಲಿಗೆ ಅಂಗಡಿ ನನ್ನದು. ಮೆಷಿನ್ ನಿಲ್ಲಿಸದೆಯೇ ಮಾತಾಡುವುದು ಇಪ್ಪತ್ತು ವರ್ಷದ ರೂಢಿ. ಅವಳ ಮುಖ ನೋಡಿ ಕಾಲು ತಾನಾಗಿಯೇ ನಿಂತಿತು. ಚಿಕ್ಕಂದಿನಿಂದ ಅವಳನ್ನು ನಾವು ಸಾಸಿವೆ ಎಂದೇ ಕರೆಯುವುದು. ನೋಡಲು ಇಷ್ಟೇ ಇಷ್ಟು. ಎಣ್ಣೆ ಕಾದರೆ ಮನೆಯೆಲ್ಲ ಸಿಡಿಯುತ್ತಾಳೆ.

"ಯಾರೇ ಕೂತಿದ್ದು?"

"ನಂಗೇನ್ ಗೊತ್ತು? ಕಾಲೇಜಿಂದ ಬಂದು ನೋಡಿದ್ರೆ ಹೊದಿಕೆ ಮುದುಡಿದೆ. ನೆಲದ ಮೇಲೆಲ್ಲ ಬಿಸ್ಕತ್ತಿನ ಪುಡಿ. ನನ್ನ ಪುಸ್ತಕದ ಪೆಟ್ಟಿಗೆ ಮೇಲೆ ಟೀ ಲೋಟದ ಗುರುತು! ಬೀಗ ಮಾತ್ರ ಹಾಕಿದ ಹಾಗೇ ಇದೆ. ಮೂರನೇ ಸಲ ಇದು."

ಆ ಬೀಗದ ಇನ್ನೊಂದು ಕೀಲಿ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು.

ಮೊದಲ ವರ್ಷ ಪೂರ್ತಿ ಅವಳು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಿರಾಕಿಗಳ ಬಟ್ಟೆಯ ಗಂಟುಗಳ ನಡುವೆ ಮಲಗಿ ಓದಿದವಳು. ಪಕ್ಕ ಹೊರಳಿದರೆ ಗುಂಡುಪಿನ್ನು ಚುಚ್ಚುತ್ತಿತ್ತು. ಸಂಜೆ ಪುಸ್ತಕದಂಗಡಿಯಲ್ಲಿ ಕೆಲಸ ಹಿಡಿದು, ಎರಡನೇ ವರ್ಷಕ್ಕೆ ಮೂರನೇ ಮಹಡಿಯಲ್ಲಿ ಒಂದು ಕೋಣೆಯ ಮನೆ ಮಾಡಿದಳು. ಮೊದಲ ದಿನ ಮೂರು ಸಲ ಬಾಗಿಲು ಹಾಕಿ ತೆಗೆದು ಮಾಡಿದಳು. "ಇದು ನಾನು ಹಾಕಿದ್ರೆ ಹಾಕಿದ್ದೇ, ಅಲ್ವಾ ಚಿಕ್ಕಮ್ಮ?" ಎಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮನೆ ಮಾಲೀಕರಿಗೆ ನಾವಿಟ್ಟ ಹೆಸರು ನೋಡೋಣಪ್ಪ. ನಲ್ಲಿ ಸೋರುತ್ತಿದೆ ಎಂದರೆ "ನೋಡೋಣ". ಕಿಟಕಿ ಮುಚ್ಚುವುದಿಲ್ಲ ಎಂದರೆ "ನೋಡೋಣ". ಷರತ್ತು ಹೇಳುವಾಗ ಮಾತ್ರ ನಾಲಿಗೆ ಚುರುಕು. "ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣ ಹಚ್ಚೋ ಹಾಗಿಲ್ಲ. ಬೀಗ ನೀವೇ ಹಾಕಿಸ್ಕೊಳ್ಳಿ. ಮನೆ ಕೊಟ್ಟ ಹಾಗೇ ವಾಪಸ್ ಕೊಡ್ಬೇಕು."

ಕೊಟ್ಟದ್ದಾದರೂ ಎಂಥದ್ದು! ಮೇಲಿನ ಮನೆಯ ಬಚ್ಚಲ ಪೈಪು ಸೋರಿ ಒಂದು ಗೋಡೆ ಪೂರ್ತಿ ಹಸಿ. ಸುಣ್ಣ ಹಕ್ಕಳೆ ಎದ್ದು ಉದುರುತ್ತಿತ್ತು. ನಾವು ಅಡ್ವಾನ್ಸ್ ಕೊಟ್ಟಾಗ ಆ ಗೋಡೆಗೆ ಒಂದು ಬೀರು ಒರಗಿತ್ತು. ಕೀಲಿ ಕೈಗೆ ಬಂದಾಗ ಬೀರು ಮಾಯ.

ಕೈಯಲ್ಲಿ ಕಾಸಿಲ್ಲ, ಕಣ್ಣಲ್ಲಿ ಆಸೆ. ಆದರೆ ದರ್ಜಿಯ ಮನೆಯಲ್ಲಿ ತುಂಡು ಬಟ್ಟೆಗೆ ಬರವೇ? ಅಳತೆ ಕೊಟ್ಟು ಹೋದವರು ಮತ್ತೆ ಬಾರದೆ ಉಳಿದ ಬಟ್ಟೆ, ಕತ್ತರಿಸಿದ ಮೇಲೆ ಮಿಕ್ಕ ಅಂಚು, ಕೋಟಿನ ಒಳಪದರ, ಎಲ್ಲ ಹೊರಗೆ ಬಂತು. ನೀಲಿ, ಬೂದಿ, ಒಂದಿಷ್ಟು ಸಾಸಿವೆ ಹಳದಿ. ಮೂರು ರಾತ್ರಿ ಕೂತು ಗೋಡೆಗೆ ಹೊಲಿದೆ. ಮನುಷ್ಯರಿಗೆ ಹೊಲಿದ ಹಾಗೆ ಅಳತೆ ತೆಗೆದು, ಸ್ವಿಚ್ಚಿನ ಜಾಗಕ್ಕೆ ಗುಂಡಿಗೆ ಬಿಡುವ ಹಾಗೆ ಕಾಜಾ ಬಿಟ್ಟು. ಹಿಟ್ಟು ಕುದಿಸಿ ಅಂಟು ಮಾಡಿ ಅಂಚನ್ನಷ್ಟೇ ಮೆತ್ತಿದೆವು. ಒದ್ದೆ ಸ್ಪಂಜಿನಿಂದ ಒರೆಸಿದರೆ ಗುರುತೂ ಉಳಿಯದೆ ಬಿಟ್ಟುಬರುತ್ತದೆ. ನಡುವೆ ಒಳಪದರದ ಹಾಗೆ ಸಡಿಲ ಬಿಟ್ಟೆ, ಹಸಿ ಗೋಡೆಗೆ ಗಾಳಿಯಾಡಲಿ ಅಂತ. ಹಣ್ಣಿನ ಪೆಟ್ಟಿಗೆಗಳು ಕಪಾಟಾದವು. ತೂತು ಬುಟ್ಟಿ ತಲೆಕೆಳಗಾಗಿ ದೀಪಕ್ಕೆ ಟೋಪಿಯಾಯಿತು. ಕೆಡವಿದ ಅಂಗಡಿಯೊಂದರ ಬಾಗಿಲು ಮೇಜಾಯಿತು.

ಸಾಸಿವೆ ಇಲ್ಲದ ಹೊತ್ತಿಗೆ ಬಾಡಿಗೆ ವಸೂಲಿಗೆ ಬಂದ ನೋಡೋಣಪ್ಪ ಬಾಯಿ ತೆರೆದು ನಿಂತ. "ಏನಮ್ಮಾ, ನಿಮ್ಮದು ಕೈಯೋ ಮಂತ್ರದಂಡವೋ! ನಮ್ಮ ಅತ್ತಿಗೆಗೆ ಒಂದ್ಸಲ ತೋರಿಸ್ಬೇಕಲ್ಲ." ಇಪ್ಪತ್ತು ವರ್ಷದಲ್ಲಿ ಗಿರಾಕಿಗಳು ನನಗೆ ಹೇಳಿದ್ದು ಎರಡೇ ಮಾತು: ಬಿಗಿ ಆಯ್ತು, ಇಲ್ಲ ಸಡಿಲ ಆಯ್ತು. ಹೊಗಳಿಕೆಗೆ ನಾಯಿ ಬಾಲ ಅಲ್ಲಾಡಿಸುತ್ತದೆ. ನಾನು ಕೀಲಿಯನ್ನೇ ಕೊಟ್ಟೆ. ನನ್ನ ಹತ್ತಿರ ಇರಲಿ ಅಂತ ಸಾಸಿವೆ ಕೊಟ್ಟಿದ್ದ ಕೀಲಿ. "ಎಷ್ಟು ಜನಕ್ಕೆ ಬೇಕಾದ್ರೂ ತೋರಿಸಿ" ಎಂದೂ ಅಂದಿದ್ದೆ.

ಈಗ ಅಷ್ಟನ್ನೂ ಅವಳ ಮುಂದೆ ಹೇಳಿದೆ. ಸಿಡಿಯುತ್ತಾಳೆ ಅಂದುಕೊಂಡಿದ್ದೆ. ಸಿಡಿಯಲಿಲ್ಲ.

"ನೀನಾ?" ಎಂದಳು. ಅಷ್ಟೇ. ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿ ಇತ್ತು.

ಅಂಗಡಿ ಮುಚ್ಚಿ ಅವಳ ಹಿಂದೆ ನಡೆದೆ. ಎರಡನೇ ಮಹಡಿಯ ಮೆಟ್ಟಿಲಲ್ಲಿ ಹೊಸದಾಗಿ ಬಂದಿದ್ದ ನರ್ಸಿಂಗ್ ಓದುವ ಹುಡುಗಿ ಅಡ್ಡ ನಿಂತಳು.

"ಮೇಲಿನ ಮನೆಯವಳು ನೀನೇ ತಾನೇ? ಒಬ್ಬರನ್ನ ಬಲೆಗೆ ಕೆಡವಿದ್ರೆ ಎಷ್ಟು ಕೊಡ್ತಾರೆ ನಿಂಗೆ?"

"ಏನು?"

"ನಾಟಕ ಬೇಡ. ಮಾಲೀಕರು ನಿನ್ನ ಮನೆ ತೋರಿಸಿ ಕೆಳಗಿಂದೂ ಇದೇ ಥರ ಅಂದ್ರು. ಬಣ್ಣ ಒಣಗ್ತಿದೆ, ಈಗ ಬಾಗಿಲು ತೆಗೆಯೋ ಹಾಗಿಲ್ಲ ಅಂದ್ರು. ದುಡ್ಡು ಕಟ್ಟಿ ಒಳಗೆ ಬಂದ್ರೆ ಗೋಡೆ ಹಿಂಡಿದ್ರೆ ನೀರು ಬರುತ್ತೆ! ನನ್ನ ಹಾಸಿಗೆ ಬೂಷ್ಟು ಹಿಡಿದಿದೆ. ನೀನು ಮಾತ್ರ ಮೇಲೆ ಅರಮನೆ ಮಾಡ್ಕೊಂಡು ಕೂತಿದ್ದೀಯ."

ಸಾಸಿವೆ ಅವಳನ್ನು ದಾಟಿ ಮೆಟ್ಟಿಲು ಹತ್ತಿದಳು. ಮೇಲೆ ಬಂದು ಬಕೆಟ್ಟಿಗೆ ನೀರು ತುಂಬಿ ಸ್ಪಂಜು ಹಾಕಿದಳು. "ನಾಳೆ ಬೆಳಿಗ್ಗೆ ಬಾ. ನಾನು ಕಾಲೇಜಿಗೆ ಹೋಗಲ್ಲ. ಅವರು ಯಾವಾಗ್ಲೂ ನನ್ನ ಕ್ಲಾಸ್ ಹೊತ್ತಿಗೇ ಬರೋದು."

"ಜಗಳ ಯಾಕೆ ಪುಟ್ಟಾ? ಬೀಗ ಬದಲಾಯಿಸಿದ್ರೆ ಮುಗೀತು. ಇಷ್ಟು ಚೆನ್ನಾಗಿ…"

"ಚೆನ್ನಾಗಿರೋದೇ ತಪ್ಪಾಗಿದೆ ಚಿಕ್ಕಮ್ಮ! ಇನ್ನೂ ನಾಲ್ಕು ಮನೆ ಖಾಲಿ ಇದೆ ಅವರದ್ದು."

ಮರುದಿನ ಹತ್ತೂವರೆಗೆ ಬೀಗದಲ್ಲಿ ಕೀಲಿ ತಿರುಗಿತು, ನಾನು ಕೊಟ್ಟ ಕೀಲಿ. ಬಾಗಿಲು ಬಡಿಯುವ ಶಾಸ್ತ್ರವೂ ಇಲ್ಲ. "ಬನ್ನಿ ಬನ್ನಿ, ಇದೇ ಥರ ಇರುತ್ತೆ ನಿಮ್ಮದೂ" ಎನ್ನುತ್ತ ನೋಡೋಣಪ್ಪ ಒಳಗೆ ಬಂದ. ಹಿಂದೆ ಒಬ್ಬ ತಾಯಿ, ಕಾಲೇಜಿಗೆ ಸೇರುವ ವಯಸ್ಸಿನ ಮಗಳು. ನಮ್ಮನ್ನು ಕಂಡು ಆತ ಒಂದು ಗಳಿಗೆ ತಡವರಿಸಿದ.

"ಓಹೋ, ಇದ್ದೀರಾ! ಕಾಲೇಜಿಲ್ವಾ?"

ಆ ತಾಯಿ ಗೋಡೆಯನ್ನೇ ನೋಡುತ್ತಿದ್ದಳು. "ಅಬ್ಬಾ, ಎಷ್ಟು ಚೆಂದ! ಯಾರು ಮಾಡಿದ್ದು?"

ನಾಚಿಕೆಗೇಡು, ಆಗಲೂ ನನ್ನ ಜೀವ ಒಂದು ಚೂರು ಹಿಗ್ಗಿತು.

"ಮಾಡಿದೋರು ಇಲ್ಲೇ ಇದ್ದಾರೆ" ಎಂದಳು ಸಾಸಿವೆ. "ಹಿಂದೆ ಏನಿದೆ ಅಂತಾನೂ ಅವರೇ ತೋರಿಸ್ತಾರೆ." ಸ್ಪಂಜನ್ನು ನನ್ನ ಕೈಗಿಟ್ಟಳು. ತಾನೇ ಕಿತ್ತುಹಾಕಬಹುದಿತ್ತು. ನನ್ನ ಕೈಗೇ ಇಟ್ಟಳು.

ಸ್ಟೂಲು ಹತ್ತಿ ಮೇಲಿನ ಅಂಚು ನೆನೆಸಿದೆ. ಅಂಟು ಬಿಟ್ಟಿತು. ಒಂದೆಳೆತಕ್ಕೆ ಅರ್ಧ ಗೋಡೆಯ ಬಟ್ಟೆ ಕೆಳಗೆ ಜೋತುಬಿತ್ತು. ಮೊದಲು ಬಂದದ್ದು ವಾಸನೆ. ಆಮೇಲೆ ಕಂಡದ್ದು ಆಳೆತ್ತರದ ಕಪ್ಪು ಬೂಷ್ಟು, ನಡುವೆ ಸುಣ್ಣ ಉದುರಿ ಇಟ್ಟಿಗೆಯ ಮೇಲೆ ಇಳಿಯುತ್ತಿದ್ದ ನೀರು. ಆ ಹುಡುಗಿ ಮೂಗು ಮುಚ್ಚಿಕೊಂಡಳು.

"ಏನಮ್ಮಾ ಇದು! ನಾಲ್ಕು ಜನರ ಮುಂದೆ ಮರ್ಯಾದೆ ತೆಗೀತೀರಾ?" ನೋಡೋಣಪ್ಪನ ದನಿ ಏರಿತು.

"ನಾನು ತೆಗೆದದ್ದು ಬಟ್ಟೆ. ನಿಮ್ಮ ಮರ್ಯಾದೆ ಅದರ ಹಿಂದೆ ಇತ್ತು ಅಂತ ನಂಗೇನ್ರೀ ಗೊತ್ತು?" ಎಂದೆ. "ಅತ್ತಿಗೆಗೆ ತೋರಿಸ್ತೀನಿ ಅಂದ್ರಲ್ಲ, ಊರ ತುಂಬಾ ಎಷ್ಟು ಜನ ಅತ್ತಿಗೆಯರು ನಿಮಗೆ?"

ಆ ತಾಯಿ ಆತನ ಕಡೆ ತಿರುಗಿದಳು. "ನಮಗೆ ಕೊಡ್ತೀನಿ ಅಂದ ಮನೆ ಬಾಗಿಲು ತೆಗೀರಿ. ಈಗಲೇ."

"ಅದು… ಬಣ್ಣ ಒಣಗ್ತಿದೆ, ನೋಡೋಣ…"

"ನಡಿಯೇ" ಎಂದು ಮಗಳ ಕೈ ಹಿಡಿದು ಆಕೆ ಮೆಟ್ಟಿಲಿಳಿದಳು. ಕೆಳಗೆ ನರ್ಸಿಂಗ್ ಹುಡುಗಿ ಅವರನ್ನು ನಿಲ್ಲಿಸಿ, "ನನ್ನದೂ ನೋಡ್ಕೊಂಡು ಹೋಗಿ" ಎನ್ನುವುದು ಕೇಳಿಸಿತು.

ನೋಡೋಣಪ್ಪನ ಮುಖ ಕೆಂಪಾಗಿತ್ತು. "ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕು!"

"ನೋಡೋಣ" ಎಂದಳು ಸಾಸಿವೆ. "ಕೊಟ್ಟ ಹಾಗೇ ವಾಪಸ್ ಕೊಡಿ ಅಂದಿದ್ರಿ. ನೋಡ್ಕೊಳ್ಳಿ, ಕೊಟ್ಟ ಹಾಗೇ ಇದೆ. ಈಗ ಕೀಲಿ ಇಡಿ."

ಆತ ಕೀಲಿಯನ್ನು ನೆಲಕ್ಕೆ ಬಿಸಾಡಿ ಹೊರಟ. ಅದು ಜಾರಿಕೊಂಡು ಸ್ಟೂಲಿನ ಹತ್ತಿರ ಬಂದು ನಿಂತಿತು. ನಾನು ಇಳಿದು ಬಗ್ಗುವಷ್ಟರಲ್ಲಿ ಸಾಸಿವೆ ಎತ್ತಿಕೊಂಡಳು. ಅಭ್ಯಾಸಬಲದಿಂದ ಕೈ ಚಾಚಿದೆ.

ಅವಳು ನನ್ನ ಕೈ ನೋಡಿದಳು. ಎರಡೂ ಕೀಲಿಯನ್ನು ಒಂದೇ ಉಂಗುರಕ್ಕೆ ಹಾಕಿ ತನ್ನ ಚೀಲದೊಳಗೆ ಇಟ್ಟಳು.

"ಸ್ಪಂಜು ಹಿಂಡು ಚಿಕ್ಕಮ್ಮ" ಎಂದಳು. "ಇನ್ನೂ ಕೆಳಗಿನ ಅಂಚಿದೆ."